ಬೇಗ ಕೊಯ್ದ ಗೊಂಚಲು

ತಾರೀಖು ೧೪, ಮಂಗಳವಾರ ಮಧ್ಯಾಹ್ನ

ಅಕ್ಕಾ,

ನೀನು, ಭಾವ, ಕೂಸು ಚೆನ್ನಾಗಿದ್ದೀರಿ ಅಂದುಕೊಂಡಿದ್ದೀನಿ. ತಿಂಗಳಾಯಿತು ಬರೆದಿಲ್ಲ. ಬೈಯಬೇಕಿದ್ದರೆ ಈಗಲೇ ಬೈದು ಮುಗಿಸು. ಫೋನಿನಲ್ಲಿ ಹೇಳೋಣವೆಂದರೆ ನಮ್ಮದು ಎರಡು ಕೋಣೆಯ ಮನೆ, ಅಮ್ಮನಿಗೆ ಕೈಕಾಲು ಸೋತರೂ ಕಿವಿ ಸೋತಿಲ್ಲ. ಕೆಲಸದ ಟೈರ್ ಅಂಗಡಿಯಿಂದ ಇಷ್ಟುದ್ದ ಮಾತಾಡೋಣವೆಂದರೆ ಸುತ್ತ ಜನ. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೀನಿ. ಏಳನೇ ಕ್ಲಾಸಿಗೆ ಬಿಟ್ಟವನ ಅಕ್ಷರ, ಕಷ್ಟಪಟ್ಟು ಓದು.

ಮೂರು ವಾರದ ಹಿಂದೆ ಡಾಕ್ಟರು ನನ್ನನ್ನು ಬಾಗಿಲಾಚೆ ಕರೆದರು. "ಎಷ್ಟು ದಿನ ಅಂತ ಹೇಳೋಕಾಗಲ್ಲ. ಕೇಳಿದ್ದು ತಿನ್ನೋಕೆ ಕೊಡಿ" ಎಂದರು. ಹೇಳೋಕಾಗದಿದ್ದರೆ ಓದಿದ್ದೇನು ಅಂತ ಕೇಳಬೇಕಿತ್ತು. ಅವತ್ತು ಬೀದಿಗೆ ಬಂದು ಎರಡೇ ಮಾತು ಫೋನಿನಲ್ಲಿ ಹೇಳಿದ್ದಕ್ಕೆ, ಅಮ್ಮನಿಗೆ ಹೇಳಬೇಡ, ಹೇಳಬೇಡ ಅಂತ ಆಣೆ ಹಾಕಿಸಿದೆ. ನೀನು ಅಲ್ಲಿಂದ ಹಾಕಿಸೋದು ಸುಲಭ. ದಿನಾ ಮುಖ ನೋಡೋನು ನಾನು.

ಅಮ್ಮ ಕೇಳುತ್ತಿದ್ದದ್ದು ಒಂದೇ, ಹಿತ್ತಿಲ ದ್ರಾಕ್ಷಿ. ಮೂರು ವರ್ಷ ಸಾಕಿದ ಬಳ್ಳಿ ಈ ಸಲ ಒಂದೇ ಗೊಂಚಲು ಬಿಟ್ಟಿತ್ತು. "ಕಪ್ಪಗಾಗಲಿ, ಆಮೇಲೆ ಕೊಡು" ಅನ್ನುತ್ತಿದ್ದಳು. ನಾನು ಡಾಕ್ಟರು ಹೇಳಿದ ಸಂಜೆಯೇ ಕೊಯ್ದೆ. ನಾಲ್ಕು ಕಾಯಿ ಬಣ್ಣ ತಿರುಗಿದ್ದವು, ಉಳಿದದ್ದೆಲ್ಲ ಹಸಿರು ಗೋಲಿ. ಅವಳು ಟೊಮೆಟೊ ಹಣ್ಣು ಮಾಡುವ ಹಾಗೇ ಪೇಪರಿನಲ್ಲಿ ಸುತ್ತಿ, ಪಕ್ಕದಲ್ಲೊಂದು ಬಾಳೆಹಣ್ಣು ಇಟ್ಟು ಡಬ್ಬಿ ಮುಚ್ಚಿದೆ. ವಾರದಲ್ಲಿ ಬಾಳೆಹಣ್ಣು ಕಪ್ಪಾಯಿತು. ದ್ರಾಕ್ಷಿ ಬಾಡಿತು ಅಷ್ಟೇ.

ಮೂಲೆ ಅಂಗಡಿಯ ಹಣ್ಣಿನ ತಾತನಿಗೆ ತೋರಿಸಿದೆ. ಒಂದನ್ನು ಕಚ್ಚಿ ಉಗಿದರು.

"ಟೊಮೆಟೊ, ಮಾವು, ಬಾಳೆ ಕಿತ್ತ ಮೇಲೂ ಹಣ್ಣಾಗ್ತವೆ ಕಣೋ. ದ್ರಾಕ್ಷಿ ಆಗಲ್ಲ. ಬಳ್ಳಿಯಿಂದ ಕಿತ್ತಾಗ ಎಷ್ಟು ಸಿಹಿಯೋ ಅಷ್ಟೇ. ಬಾಳೆಹಣ್ಣೇನು, ನೀನೇ ಡಬ್ಬಿ ಒಳಗೆ ಕೂತ್ಕೊಂಡ್ರೂ ಆಗಲ್ಲ."

"ಮೊದಲೇ ಹೇಳೋಕೆ ಏನಾಗಿತ್ತು?"

"ಮೊದಲು ಕೇಳಿದ್ಯಾ? ಇನ್ನು ಮೂರು ವಾರ ಬಳ್ಳೀಲೇ ಬಿಟ್ಟಿದ್ರೆ ಸಕ್ಕರೆ ಆಗ್ತಿತ್ತು. ಅಷ್ಟೇನು ಅವಸರ ನಿಂಗೆ?"

ಬಾಯಿಗೆ ಬಂದದ್ದೆಲ್ಲ ಬೈದುಬಿಟ್ಟೆ. ಪಾಪ, ಅವರದೇನು ತಪ್ಪು. ಮಾರನೇ ದಿನ ನನ್ನ ಕೈಗೆ ಎರಡು ಸೇಬು ತುರುಕಿ ಹೋದರು. ಅದಕ್ಕೆ ಇನ್ನೂ ಸಿಟ್ಟು ಬಂತು.

ಕೊಯ್ದು ಮೊನ್ನೆಗೆ ಮೂರು ವಾರ ತುಂಬಿತು. ಅಮ್ಮ ಇದ್ದಾಳೆ. ಬಿಟ್ಟಿದ್ದರೆ ಈಗ ಹಣ್ಣಿರುತ್ತಿತ್ತು.

ನೀನು ಹಸುಗೂಸನ್ನು ಕಟ್ಟಿಕೊಂಡು ಓಡಿ ಬರಬೇಡ. ಅದಕ್ಕೊಂದು ಮುತ್ತು ಕೊಡು. ನನ್ನ ಹಾಗೆ ಮೊಂಡ ಆಗದೆ ಚೆನ್ನಾಗಿ ಬೆಳೆಯಲಿ. ಭಾವನಿಗೆ ಕೇಳಿದೆ ಅಂತ ಹೇಳು.

ನಿನ್ನ ತಮ್ಮ

ಮರೆತಿದ್ದು: ಮರೆತಿರಲಿಲ್ಲ, ಬರೆಯೋಕೆ ಆಗಲಿಲ್ಲ. ಆಣೆ ಮುರಿದಿಲ್ಲ ಅಕ್ಕ, ಒಂದು ಮಾತೂ ಬಾಯಿಬಿಟ್ಟಿಲ್ಲ. ನಿನ್ನೆ ತಲೆ ಬಾಚುವಾಗ ಅಮ್ಮ ತಾನಾಗಿಯೇ ಕೇಳಿದಳು, "ಕಾಯೀನೇ ಕಿತ್ತೆಯಲ್ಲೋ ಮಗಾ. ಹಣ್ಣಾಗೋವರೆಗೂ ನಾನಿರಲ್ಲ ಅಂದ್ರಾ ಡಾಕ್ಟರು?" ಹಕ್ಕಿ ತಿಂದುಬಿಡುತ್ತೆ ಅಂತ ಕಿತ್ತೆ ಎಂದೆ. "ಹೌದೌದು, ಹಕ್ಕಿ ಕಾಟ" ಎಂದು ನನ್ನ ಕೈ ಸವರಿದಳು. ಆಮೇಲೆ ಗೋಡೆ ಕಡೆ ತಿರುಗಿಕೊಂಡಳು. ಅರ್ಧ ತಲೆ ಬಾಚಿದ್ದೆ, ಇನ್ನರ್ಧ ಹಾಗೇ ಉಳಿಯಿತು.