ಬೀರುವಿನೊಳಗಿನ ಪಾಸ್‌ಪೋರ್ಟ್

ಅಣ್ಣಾ,

ನಾನೊಬ್ಬಳೇ ಹೊರಟಿರುವ ವಿದೇಶ ಪ್ರವಾಸಕ್ಕೆ ನೀನು ಆರಿಸಿದ ಊರಿನಲ್ಲಿ ಕಳ್ಳತನವೇ ಇಲ್ಲವಂತೆ, ಸರಿ. ಆದರೆ ಅಲ್ಲಿ ಹೆಂಗಸು ಒಬ್ಬಳೇ ರೂಮು ಕೇಳಿದರೆ ಮನೆಯ ಗಂಡಸಿನ ಸಹಿ ಬೇಕಂತೆ. ನನಗೀಗ ನಲವತ್ತಾರು. ನಾನು ಆರಿಸಿದ ಊರಿನಲ್ಲಿ ಜೇಬುಗಳ್ಳರಿದ್ದಾರೆ, ಒಪ್ಪಿದೆ. ಎಲ್ಲಿಗೆ ಹೊರಟೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹೆದರಿಕೆ ನನಗೂ ಇದೆ. ಬ್ಯಾಗನ್ನು ಮೂರು ಸಲ ತುಂಬಿ ಮೂರು ಸಲ ಬಿಚ್ಚಿದ್ದೇನೆ.

"ಏನಾದ್ರೂ ಆದ್ರೆ ಯಾರೇ ದಿಕ್ಕು?" ಎಂದು ನೀನು ನನ್ನ ಪಾಸ್‌ಪೋರ್ಟನ್ನು ನಿನ್ನ ಬೀರುವಿನಲ್ಲಿಟ್ಟು ಬೀಗ ಹಾಕಿಬಿಟ್ಟೆ. ಗುರುವಾರದೊಳಗೆ ಅದನ್ನು ನನ್ನ ಬೀಗದಂಗಡಿಗೆ ಕಳಿಸು.

ಆ ಬೀಗ ಕೂರಿಸಿಕೊಟ್ಟವಳು ನಾನೇ, ಕೀಲಿಯಿಲ್ಲದೆ ತೆಗೆಯಲು ಎರಡು ನಿಮಿಷ ಸಾಕು. ನಿನ್ನೆ ನೀನಿಲ್ಲದಾಗ ಬಂದು, ಕೈಯಲ್ಲಿ ಕಂಬಿ ಹಿಡಿದು, ಬೀರುವಿನ ಮುಂದೆ ಒಂದು ಗಂಟೆ ಕೂತಿದ್ದೆ. ನೀನೇ ತೆಗೆದುಕೊಡಬೇಕೆಂದು ಎದ್ದುಬಂದೆ. ಶುಕ್ರವಾರವೂ ಹಾಗೆ ಎದ್ದುಬರುತ್ತೇನೆಂದು ಮಾತು ಕೊಡಲಾರೆ.

ನಿನ್ನ ತಂಗಿ