ಹೂಂ ಅಂದಿದ್ದಕ್ಕೆ ಬಂದ ಬಿಲ್ಲು

ಮಾರ್ಚ್ 3
ಲಾಂಡ್ರಿ ಕೆಲಸ ಮುಗಿಸಿ ಈಗ ಬಂದೆ. ಕೂದಲಲ್ಲಿ ಇನ್ನೂ ಹಬೆಯ ವಾಸನೆ. ಮನೆ ಫೋನಿನ ಬಿಲ್ಲು ಈ ಸಲವೂ ದುಪ್ಪಟ್ಟು. ‘ಇತರೆ ಸೇವೆ’ ಅಂತ ಒಂದು ಸಾಲು. ಯಾರಿಗೆ ಮಾಡಿದ ಸೇವೆಯೋ! ಹಗಲೆಲ್ಲ ಮನೆಯಲ್ಲಿರುವುದು ಅತ್ತೆ ಒಬ್ಬರೇ. ಕಣ್ಣು ಮಂಜಾದ ಮೇಲೆ ಅವರಿಗೆ ಮಾತೂ ಕಮ್ಮಿ. ಕೇಳಿದರೆ, ನಾನೇನೂ ಒತ್ತಿಲ್ಲಮ್ಮ ಅಂದರು.

ಮಾರ್ಚ್ 4
ಕಸ್ಟಮರ್ ಕೇರ್. ಕಾಯಿಸಿ ಕಾಯಿಸಿ ಒಬ್ಬಳು ಸಿಕ್ಕಳು. ಇದು ನಮ್ಮದಲ್ಲ ಮೇಡಂ, ಫೋನಿನಲ್ಲಿ ಕತೆ ಹೇಳುವ ಹೊರಗಿನವರ ಸರ್ವಿಸ್, ನೀವೇ ಒಪ್ಪಿದ್ದೀರಿ, ರೆಕಾರ್ಡ್ ಇದೆ ಅಂದಳು. ಜಗಳ ತೆಗೆದೆ. ಕೇಳಿಸಿದಳು. “ಇನ್ನೊಂದು ಕತೆ ಬೇಕೇ?” — ಮೆತ್ತನೆಯ ಹೆಣ್ಣುದನಿ, ಮಷೀನಿನದು. ಆಮೇಲೆ ನಮ್ಮ ಅತ್ತೆ: “ಹೂಂ.”
ನಗು ಬಂತು, ಸಿಟ್ಟೂ ಬಂತು. ಕತೆ ಕೇಳುವವರು ಹೂಂಗುಟ್ಟದಿದ್ದರೆ ಹೇಳುವವರಿಗೆ ಅವಮಾನ — ಅತ್ತೆ ಬೆಳೆದದ್ದೇ ಹಾಗೆ. ಆ ದನಿ ದುಡ್ಡಿನ ಮಾತೇ ಎತ್ತಿಲ್ಲ. ಕಂಪ್ಲೇಂಟ್ ಬರೆಸಿದೆ.

ಮಾರ್ಚ್ 7, ರಜೆ
ಮಧ್ಯಾಹ್ನ ಅತ್ತೆಯ ಕೋಣೆಯ ಬಾಗಿಲಾಚೆ ನಿಂತು ಕೇಳಿದೆ, ಫೋನು ಸ್ಪೀಕರಿನಲ್ಲಿತ್ತು. ಪರದೆ ತುಂಬ ಬಿಸಿಲು, ಕೋಣೆಯೆಲ್ಲ ಜೇನುಬಣ್ಣ. ಕತೆಯಲ್ಲಿ ಯಾರೋ ಮೋಡದ ಮೇಲೆ ದೋಣಿ ಬಿಟ್ಟಿದ್ದರು. ಅತ್ತೆ ಕಣ್ಣು ಮುಚ್ಚಿ ಹೂಂ... ಹೂಂ... ನಾನೂ ಗೋಡೆಗೊರಗಿ ತೇಲಿಹೋದೆ. ಅತ್ತೆ ನನ್ನೆದುರು ಹೀಗೆ ಮುಖ ಅರಳಿಸಿ ಕೂತು ಎಷ್ಟು ಕಾಲವಾಯಿತು? ಹೊಟ್ಟೆಕಿಚ್ಚಾಯಿತು. ಅದೂ ಒಂದು ಮಷೀನಿನ ಮೇಲೆ.

ಮಾರ್ಚ್ 10
ಸರ್ವಿಸ್ ಬಂದ್ ಆಯಿತು. ದುಡ್ಡು ವಾಪಸ್ ಬರುತ್ತದಂತೆ. ಗೆದ್ದೆ.

ಮಾರ್ಚ್ 19
ಗೆದ್ದು ಏನು ಬಂತು. ಅತ್ತೆ ಅರ್ಧ ಊಟಕ್ಕೇ ಏಳುತ್ತಾರೆ. ಫೋನು ಮಡಿಲಲ್ಲೇ ಇರುತ್ತದೆ. ಇವತ್ತು ಬಾಯಿಬಿಟ್ಟರು. “ಕತೆ ಹೇಳೋ ಆ ಹುಡುಗಿಗೆ ಮೈ ಹುಷಾರಿಲ್ವೇನಮ್ಮ? ದೋಣಿ ಇನ್ನೂ ಮೋಡದ ಮೇಲೇ ಇದೆ.”
ನಾನೇ ನಿಲ್ಲಿಸಿದ್ದು ಅಂತ ಹೇಳದೆ, ಬರ್ತಾಳೆ ಬಿಡಿ ಅತ್ತೆ ಅಂದು ತಟ್ಟೆ ಎತ್ತಿದೆ.

ಮಾರ್ಚ್ 20
ಊಟದ ಬಿಡುವಿನಲ್ಲಿ ಲಾಂಡ್ರಿಯಿಂದಲೇ ಫೋನ್ ಮಾಡಿದೆ. ಸುತ್ತ ಹಬೆ, ಹಗ್ಗದ ಮೇಲೆ ಬಿಳಿ ಚಾದರಗಳು ಉಬ್ಬಿ ಉಬ್ಬಿ ಇಳಿಯುತ್ತಿದ್ದವು. ದೋಣಿ ಗಾಳಿಗೆ ಸಿಕ್ಕಿತು ಅತ್ತೆ, ಕೇಳಿ, ಅಂದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಆ ಕಡೆ ಹೂಂ ಇಲ್ಲ. ನಾನೇ ಕಟ್ಟಿ ಹೇಳುತ್ತಿರುವುದು ಗೊತ್ತಾಗಿಹೋಯಿತು, ಸಿಕ್ಕಿಬಿದ್ದೆ ಅಂದುಕೊಂಡೆ.
“ನೀನು ಊಟ ಮಾಡಿದ್ಯಾ?” ಅಂದರು.
ಇಲ್ಲ ಅಂದೆ.
“ತಿಂತಾ ಹೇಳು. ನಾನೆಲ್ಲೂ ಹೋಗಲ್ಲ.”
ಡಬ್ಬಿ ತೆರೆದು, ಕಣ್ಣೊರೆಸಿಕೊಂಡು ಒಂದು ತುತ್ತು ತಿಂದೆ. ಹೇಗೋ ಹೇಳಿದೆ. ನಾಳೆಗೆ ಇನ್ನೂ ಏನೂ ಹೊಳೆದಿಲ್ಲ. ದೋಣಿಯಲ್ಲಿ ಇಬ್ಬರು ಹೆಂಗಸರನ್ನು ಕೂರಿಸಿದರೆ... ಒಬ್ಬಳಿಗೆ ಕಣ್ಣು ಮಂಜು, ಇನ್ನೊಬ್ಬಳು —
ಅತ್ತೆ ಕರೆಯುತ್ತಿದ್ದಾರೆ.