ಎರಡು ಖೋಲಿಯ ಬೋನು

ಹೈದರಾಬಾದ್
12-3-1979

ನಮ್ಮ ಹೊಳಿ ದಂಡಿ ಊರು ಗೂಗಲ್‌ನ್ಯಾಗಿರೋ ಯಪ್ಪಗ ಮಗ ತಾಯಪ್ಪನ ಶರಣು.

ಪತ್ರ ಮುಟ್ಟಿತು. ತಂಗಿ ಬಸ್ಸಮ್ಮನ್ನ ಬಾಗಲವಾಡದ ಗೌಂಡಿ ಹುಡುಗನ ಮನಿಯಿಂದ ಎಳಕೊಂಡು ಬಂದು ಕಾಳಿನ ಖೋಲ್ಯಾಗ ಹಾಕಿದ್ದು ಚಲೋ ಆತು. ಆದ್ರ ಅವ್ವ ರೊಟ್ಟಿ ಕೊಡಾಕ ಬಾಗಲ ತೆಗದಾಗ ಮತ್ತ ಓಡಿ, ಹೊಳಿ ದಂಡ್ಯಾಗ ಸಿಕ್ಳಂತ. ಓಡಲಾರದ ಏನ್ ಮಾಡ್ತಾಳ? ಹನ್ನೊಂದು ವರ್ಷ ಝೂದಾಗ ಹುಲಿ ಸಾಕಿದ ಮಗನ್ನ ಮೊದಲ ಒಂದು ಮಾತು ಕೇಳಬಾರದಾ?

ಇಲ್ಲಿ ಹುಲಿಗೆ ಸುತ್ತ ಕಂದಕ ತೋಡಿ, ಗಿಡ ಹಚ್ಚಿ, ನೀರು ಬಿಟ್ಟಾರ. ಮೈಸೂರಿನ್ಯಾಗೂ ಅಂಥದ್ದ ನೋಡೀನಿ. ಅದೆಲ್ಲ ನೋಡೋ ಮಂದಿಗೆ ಚಂದ, ನಮಗ ಬ್ಯಾಡ. ಮೊದಲ ನಾ ದುಡೀತಿದ್ದ ಸಣ್ಣ ಝೂದಾಗ ಒಂದ ಖೋಲಿಯ ಬೋನಿತ್ತು; ಕಸ ಹೊಡ್ಯಾಕ ಒಳಗ ಹೋದವನ ಕೈ ಹೋತು. ಪಕ್ಕಾ ಅಂದ್ರ ಎರಡು ಖೋಲಿಯ ಬೋನು. ನಡುವಿನ ಬಾಗಲ ಹೊರಗಿಂದ ಹಗ್ಗ ಹಾಕಿ ಎತ್ತೋದು. ಹಗ್ಗ ಬಿಟ್ರ ಧಪ್ ಅಂತ ಬೀಳತದ. ಅತ್ತಾಗ ಊಟ ಇಟ್ಟು, ಅದು ಹೋದ ಮ್ಯಾಗ ಬಾಗಲ ಬಿಟ್ಟು, ಇತ್ತಾಗ ಕಸ ಹೊಡೀಬೇಕು. ಯಾರೂ ಮುಟ್ಟೋದು ಬ್ಯಾಡ.

ಮೊದಲ ಮೂರು ದಿನ ಏನೂ ಹಾಕಬ್ಯಾಡ್ರಿ. ಅವ್ವನ್ನ ಮಾನ್ವಿಗೆ ಅತ್ತಿ ಮನಿಗೆ ಕಳಸ್ರಿ. ಸಾಕಿದವರ ದನಿ ಕೇಳಿದ್ರ ಪ್ರಾಣಿ ಪಳಗಂಗಿಲ್ಲ.

ಹೋದ ಸಲ ಊರಿಗೆ ಬಂದಾಗ ಬಸ್ಸಮ್ಮ, "ಅಣ್ಣಾ, ನನಗೊಮ್ಮಿ ಹುಲಿ ತೋರಸು" ಅಂದಿದ್ಲು. ಊಟಕ್ಕ ಅತ್ತಾಗ ಹೋಗಲಿಲ್ಲಂದ್ರ, ಹುಲಿ ತೋರಸಾಕ ಅಣ್ಣ ಬಂದಾನ ಅನ್ರಿ. ಹೋಗ್ತಾಳ. ಆಮ್ಯಾಲ ಹಗ್ಗ ಬಿಡ್ರಿ.

ನಿಮ್ಮ ಮಗ
ತಾಯಪ್ಪ